ಕಂಡದ್ದು, ಕೇಳಿದ್ದು, ಕಟ್ಟಿದ್ದು: ತುಘಲಕ್ ಪಾಠಕ್ಕೆ ಒಂದು ದಾರಿ

ದೇವದುರ್ಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಾಠ ವೀಕ್ಷಣೆಗೆ ಕುಳಿತಿದ್ದೆ. ವಿಷಯ ಮಹಮ್ಮದ್ ಬಿನ್ ತುಘಲಕ್. ಪ್ರಶಿಕ್ಷಣಾರ್ಥಿಯು ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದ ಮೊದಲ ದೃಶ್ಯವನ್ನು ಮಕ್ಕಳಿಂದಲೇ ಆಡಿಸಿದರು. ಅಗಸ ಅಜೀಜ್ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುವ ದೃಶ್ಯ ಅದು. ಮಕ್ಕಳು ಬಿದ್ದುಬಿದ್ದು ನಕ್ಕರು. ಪಾಠ ಮುಗಿಯುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಅಜೀಜನ ಗೋರಿ ಎಲ್ಲೈತ್ರಿ?” ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಸ್ವಲ್ಪ ತಡೆದು, “ದೌಲತಾಬಾದಿನಲ್ಲಿ ಇರಬೇಕು” ಎಂದರು. ನಾನು ವೀಕ್ಷಣಾ ಪುಸ್ತಕದಲ್ಲಿ ‘ನಾಟಕೀಕರಣ ಉತ್ತಮ’ ಎಂದು ಬರೆದು ಸಹಿ ಹಾಕಿದೆ.

ರಾಯಚೂರಿಗೆ ಮರಳುವ ಬಸ್ಸಿನಲ್ಲಿ ಆ ಪ್ರಶ್ನೆ ಮತ್ತೆ ನೆನಪಾಯಿತು. ಅಜೀಜ್ ನಾಟಕಕಾರರು ಕಟ್ಟಿದ ಪಾತ್ರ. ಅವನಿಗೆ ಗೋರಿ ಎಲ್ಲಿಂದ ಬರಬೇಕು? ಹುಡುಗಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಳು. ತಪ್ಪಿದ್ದು ಪ್ರಶಿಕ್ಷಣಾರ್ಥಿ ಮತ್ತು ನಾನು. ಮುಂದೆ ಬರೆದಿರುವುದು ಆ ತಪ್ಪನ್ನು ತಿದ್ದಿಕೊಳ್ಳಲು ಮಾಡಿದ ಪ್ರಯತ್ನದ ವಿವರ.

ಈ ತೊಡಕು ನಮ್ಮ ನಾಟಕಕ್ಕಷ್ಟೇ ಸೀಮಿತವಲ್ಲ. 2006ರ ‘ದಿ ಲಾಸ್ಟ್ ಕಿಂಗ್ ಆಫ್ ಸ್ಕಾಟ್ಲೆಂಡ್’ ಚಲನಚಿತ್ರವನ್ನು ನೋಡಿ. ಸ್ಕಾಟ್ಲೆಂಡಿನ ಎಳೆಯ ವೈದ್ಯನೊಬ್ಬ ಉಗಾಂಡಕ್ಕೆ ಬಂದು ಸರ್ವಾಧಿಕಾರಿ ಇದಿ ಅಮೀನನ ಆಪ್ತನಾಗುತ್ತಾನೆ. ಮೊದಲು ಆ ಮನುಷ್ಯನ ಮೋಡಿಗೆ ಒಳಗಾಗುತ್ತಾನೆ, ಆಮೇಲೆ ಭಯದಲ್ಲಿ ಸಿಕ್ಕಿಕೊಳ್ಳುತ್ತಾನೆ. ಅಮೀನ್ 1971ರಲ್ಲಿ ಅಧಿಕಾರ ಕಸಿದುಕೊಂಡದ್ದು ನಿಜ. 1972ರಲ್ಲಿ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟದ್ದೂ ನಿಜ. ಆದರೆ ಆ ವೈದ್ಯ ಜೈಲ್ಸ್ ಫೋಡೆನ್ ಅವರ 1998ರ ಕಾದಂಬರಿಯಿಂದ ಬಂದ ಕಲ್ಪಿತ ಪಾತ್ರ. ಹೊರಗಿನವನ ಕಣ್ಣಿನಿಂದ ನೋಡಿಸಿದಾಗ ಪ್ರೇಕ್ಷಕರೂ ಅವನೊಂದಿಗೇ ಅರಮನೆಯೊಳಗೆ ಹೋಗುತ್ತಾರೆ. ಆ ಕಣ್ಣೇ ಕಲ್ಪಿತ ಎಂಬುದು ಮರೆತುಹೋಗುತ್ತದೆ.

ತುಘಲಕನ ಆಸ್ಥಾನಕ್ಕೆ ಹೀಗೆ ಹೊರಗಿನಿಂದ ಬಂದವನೊಬ್ಬ ನಿಜವಾಗಿಯೂ ಇದ್ದ. ಅವನು ಮೊರಾಕ್ಕೊದ ಟಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ. 1333ರಲ್ಲಿ ಸಿಂಧೂ ನದಿಯ ಬಳಿಗೆ ಬಂದು, ಅಲ್ಲಿಂದ ದೆಹಲಿ ತಲುಪಿದ. ಸುಲ್ತಾನ ಅವನನ್ನು ವರ್ಷಕ್ಕೆ 12,000 ದಿನಾರ್ ಸಂಬಳದ ಮೇಲೆ ದೆಹಲಿಯ ಕಾಜಿಯಾಗಿ ನೇಮಿಸಿದ. ಅಲ್ಲಿ ನಡೆಯುತ್ತಿದ್ದ ನ್ಯಾಯಪದ್ಧತಿ ಇವನು ಓದಿದ್ದಲ್ಲ, ಅಲ್ಲಿನ ಭಾಷೆಯೂ ಸರಿಯಾಗಿ ಬಾರದು. ಅದಕ್ಕಾಗಿ ಇಬ್ಬರು ಸಹಾಯಕರನ್ನು ಕೊಡಲಾಯಿತು. ಮಾಡಿಕೊಂಡ 55,000 ದಿನಾರ್ ಸಾಲವನ್ನೂ ಸುಲ್ತಾನನೇ ತೀರಿಸಿದ.

ಆಮೇಲೆ ಗಾಳಿ ತಿರುಗಿತು. ಸುಲ್ತಾನನ ಸೇವೆಗೆ ಒಲ್ಲೆನೆಂದ ಶೇಖ್ ಶಿಹಾಬುದ್ದೀನ್ ಎಂಬ ಸೂಫಿಗೆ ಮರಣದಂಡನೆಯಾಯಿತು. ಅವರನ್ನು ಹೋಗಿ ನೋಡಿದ್ದನೆಂಬ ಕಾರಣಕ್ಕೆ ಇಬ್ನ್ ಬತೂತನ ಮೇಲೂ ಸಂಶಯ ಬಿದ್ದು ಕಾವಲು ಕೂತಿತು. ಬದುಕಿ ಉಳಿದ ಮೇಲೆ ಎಲ್ಲವನ್ನೂ ಬಿಟ್ಟು ವಿರಕ್ತನಂತಿದ್ದ. ಕೊನೆಗೆ ಸುಲ್ತಾನ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ. ಸುಲ್ತಾನ ತೀರಿಕೊಂಡದ್ದು 1351ರಲ್ಲಿ. ಇಬ್ನ್ ಬತೂತ ತನ್ನ ಪ್ರವಾಸಕಥನವನ್ನು ಹೇಳಿ ಬರೆಸಿ ಮುಗಿಸಿದ್ದು 1355ರಲ್ಲಿ, ದೂರದ ಫೆಜ್ ನಗರದಲ್ಲಿ.

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಉಂಡವನು ಅದೇ ಮನೆಯಲ್ಲಿ ಪ್ರಾಣಭಯವನ್ನೂ ಕಂಡಿದ್ದರೆ ಅವನ ಸಾಕ್ಷಿಯನ್ನು ಹೇಗೆ ತೂಗಬೇಕು? ಇತಿಹಾಸ ಬೋಧನೆಯ ತಿರುಳು ಈ ಪ್ರಶ್ನೆಯಲ್ಲಿದೆ. ಇದನ್ನು ಪ್ರೌಢಶಾಲೆಯ ಮಕ್ಕಳ ಮುಂದೆಯೂ ಇಡಬಹುದು.

ನಾವು ರೂಪಿಸಿಕೊಂಡ ಕ್ರಮ ಸರಳ. ಕಪ್ಪುಹಲಗೆಯ ಮೇಲೆ ಮೂರು ಅಂಕಣ: ಕಂಡದ್ದು, ಕೇಳಿದ್ದು, ಕಟ್ಟಿದ್ದು. ಒಂದೊಂದು ಹೇಳಿಕೆ ಬರೆದ ಚೀಟಿಗಳನ್ನು ಗುಂಪುಗಳಿಗೆ ಹಂಚಬೇಕು. ಪ್ರತಿ ಗುಂಪು ತನ್ನ ಚೀಟಿ ಯಾವ ಅಂಕಣಕ್ಕೆ ಸೇರಬೇಕೆಂದು ಕಾರಣ ಕೊಟ್ಟು ಹೇಳಬೇಕು. ಪಕ್ಕದಲ್ಲಿ ನಾಲ್ಕೇ ಇಸವಿಗಳ ಕಾಲರೇಖೆ ಇರಲಿ: 1327 ರಾಜಧಾನಿಯ ವರ್ಗಾವಣೆ, 1333 ಇಬ್ನ್ ಬತೂತನ ಆಗಮನ, 1355 ಪ್ರವಾಸಕಥನ, 1964 ಕಾರ್ನಾಡರ ನಾಟಕ.

ಮಾನ್ವಿಯ ಒಂದು ಶಾಲೆಯಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಇದನ್ನು ಪ್ರಯೋಗಿಸಿದರು. ‘ಅಜೀಜ್ ದಾವೆ ಗೆದ್ದ’ ಎಂಬುದನ್ನು ‘ಕಟ್ಟಿದ್ದು’ ಅಂಕಣಕ್ಕೆ ಸೇರಿಸಲು ಕಷ್ಟವಾಗಲಿಲ್ಲ. ‘ಇಬ್ನ್ ಬತೂತನನ್ನು ಕಾವಲಿನಲ್ಲಿಟ್ಟರು’ ಎಂಬುದು ‘ಕಂಡದ್ದು’ ಆಯಿತು. ಚರ್ಚೆ ಹತ್ತಿದ್ದು ದೌಲತಾಬಾದಿನ ಚೀಟಿಗೆ. ದೆಹಲಿ ಬಿಡದೆ ಉಳಿದ ಕುರುಡನೊಬ್ಬನನ್ನು ಎಳೆದೊಯ್ದಾಗ ಅವನ ಕಾಲು ಮಾತ್ರ ದೌಲತಾಬಾದ್ ತಲುಪಿತು ಎಂದು ಇಬ್ನ್ ಬತೂತ ಹೇಳುತ್ತಾನೆ. ಮಕ್ಕಳು ಮೊದಲು ‘ಕಂಡದ್ದು’ ಎಂದರು. ಕಾಲರೇಖೆ ನೋಡಿದ ಹುಡುಗನೊಬ್ಬ, “ಆವಾಗ ಇಂವ ಬಂದೇ ಇದ್ದಿಲ್ಲಲ್ರಿ” ಎಂದ. ಚೀಟಿ ‘ಕೇಳಿದ್ದು’ ಅಂಕಣಕ್ಕೆ ಸರಿಯಿತು. ಇಡೀ ಅವಧಿಯಲ್ಲಿ ನಾನು ಕಂಡ ನಿಜವಾದ ಕಲಿಕೆ ಆ ಕ್ಷಣದ್ದು.

ಕೇಳಿದ್ದೆಲ್ಲ ಒಂದೇ ತೂಕದ್ದಲ್ಲ ಎಂಬುದನ್ನು ತೋರಿಸಲು ನಮ್ಮ ಸೀಮೆಯ ಉದಾಹರಣೆಯೇ ಇದೆ. ಸುಲ್ತಾನನ ಸೋದರಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದಂಗೆಯೆದ್ದು ಸೋತು, ಕಂಪಿಲಿಯ ರಾಯನ ಆಶ್ರಯ ಬೇಡಿದ. ಮರೆಹೊಕ್ಕವನನ್ನು ಬಿಟ್ಟುಕೊಡದೆ ರಾಯ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಕುಮಾರರಾಮನ ಕಥೆಯ ಕುಮ್ಮಟದುರ್ಗ ಇರುವ ಗಂಗಾವತಿ ಸೀಮೆ 1997ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಕಂಪ್ಲಿಯನ್ನು ದಾಟಿ ಬರುವ ತುಂಗಭದ್ರೆಯೇ ಮಾನ್ವಿಯ ಅಂಚಿನಲ್ಲಿ ಹರಿಯುತ್ತದೆ. ಈ ಯುದ್ಧವೂ ಇಬ್ನ್ ಬತೂತ ಬರುವ ಮೊದಲೇ ನಡೆದದ್ದು. ಆದರೆ ಸೆರೆಯಾಗಿ ದೆಹಲಿ ಸೇರಿದ್ದ ರಾಯನ ಮಕ್ಕಳನ್ನು ತಾನು ಕಂಡಿದ್ದೆ, ಅವರಲ್ಲೊಬ್ಬ ತನಗೆ ಗೆಳೆಯನಾಗಿದ್ದ ಎಂದು ಅವನು ಹೇಳುತ್ತಾನೆ. ಇದೂ ಕೇಳಿದ್ದೇ, ಆದರೆ ನೊಂದವರ ಹತ್ತಿರವಿದ್ದು ಕೇಳಿದ್ದು. ಕುರುಡನ ಕಥೆಗಿಂತ ಇದಕ್ಕೆ ಹೆಚ್ಚು ತೂಕ ಕೊಡಬಹುದೇ ಎಂದು ಮಕ್ಕಳನ್ನೇ ಕೇಳಿ.

ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ತುಘಲಕನನ್ನು ‘ಹುಚ್ಚು ದೊರೆ’ ಎಂದು ಪೀಠಿಕೆಯಲ್ಲೇ ಹೇಳಿಬಿಟ್ಟರೆ ಚೀಟಿಗಳಿಗೆ ಕೆಲಸವಿಲ್ಲ. ಎರಡನೆಯದು, ಎಲ್ಲ ಸಮುದಾಯಗಳ ಮಕ್ಕಳು ಕೂತಿರುವ ನಮ್ಮ ತರಗತಿಗಳಲ್ಲಿ ಈ ಪಾಠ ಒಂದು ಧರ್ಮದವರ ಮೇಲಿನ ದೂರಾಗಿ ಬದಲಾಗುವ ಅಪಾಯವಿದೆ. ಅವನ ಕೈಯಲ್ಲಿ ಸತ್ತವರಲ್ಲಿ ಸೂಫಿ ಶೇಖರೂ ಇದ್ದರು, ಸ್ವಂತ ಬಂಧುವೂ ಇದ್ದ. ಮರೆಹೊಕ್ಕ ಮುಸ್ಲಿಂ ಸರದಾರನಿಗಾಗಿ ಪ್ರಾಣ ಕೊಟ್ಟವನು ಕಂಪಿಲಿಯ ರಾಯ. ಈ ಚೀಟಿಗಳು ಒಟ್ಟಿಗೇ ಬರಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಬಿಟ್ಟರೆ ಅಂಕಣಗಳು ಸರಿಯಿದ್ದರೂ ಪಾಠ ಸುಳ್ಳಾಗುತ್ತದೆ.

ಹಾಗೆಂದು ನಾಟಕವನ್ನು ಕೈಬಿಡಬೇಕಿಲ್ಲ. ಕೊನೆಯ ದೃಶ್ಯದಲ್ಲಿ ಸುಲ್ತಾನ ಅಜೀಜನನ್ನು ದಂಡಿಸುವ ಬದಲು ದಖ್ಖನ್ನಿನಲ್ಲಿ ಸೇನಾಧಿಕಾರಿಯನ್ನಾಗಿ ಮಾಡುತ್ತಾನೆ. ಅಧಿಕಾರದ ಸುತ್ತ ಎಂಥವರು ಸೇರುತ್ತಾರೆ ಎಂಬುದನ್ನು ಕಟ್ಟಿದ ಪಾತ್ರವೂ ಹೇಳಬಲ್ಲದು. ಅದು ಕಟ್ಟಿದ್ದು ಎಂದು ಮಕ್ಕಳಿಗೆ ತಿಳಿದಿದ್ದರೆ ಸಾಕು.

ಚೀಟಿಗಳಲ್ಲಿ ಹೊನ್ನಾವರದ್ದೂ ಒಂದಿರಲಿ. ದೆಹಲಿ ಬಿಟ್ಟ ಮೇಲೆ ಇಬ್ನ್ ಬತೂತ ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದ. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು, ಅಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ದಾಖಲಿಸಿದ್ದಾನೆ. ಮಾನ್ವಿಯಲ್ಲಿ ಆ ಚೀಟಿ ಹುಡುಗಿಯರ ಗುಂಪಿಗೇ ಹೋಗಿತ್ತು. ಅವರು ಅದನ್ನು ‘ಕಂಡದ್ದು’ ಅಂಕಣಕ್ಕೆ ಹಚ್ಚುವ ಮೊದಲು ಕೇಳಿದರು: “ಅಂವ ಎಣಿಸಿದ್ನೋ, ಯಾರರ ಹೇಳಿದ್ರೋ?”

ಈ ಸಲ ವೀಕ್ಷಣಾ ಪುಸ್ತಕದಲ್ಲಿ ಆ ಪ್ರಶ್ನೆಯನ್ನೇ ಬರೆದುಕೊಂಡೆ.