ಮೂರು ಬೆರಳು ಮಡಚಿ ಹೊಲೀರಿ

ಮೇ ತಿಂಗಳ ಕೊನೆಯ ರವಿವಾರ. ಹುಬ್ಬಳ್ಳಿಯ ದುರ್ಗದಬೈಲಿನಿಂದ ಬ್ರಾಡ್‌ವೇ ಕಡೆಗೆ ಹೊರಟರೆ ಕಾಲಿಡಲು ಜಾಗವಿಲ್ಲ. ಮೊನ್ನೆಯವರೆಗೆ ಮದುವೆ ಸೀರೆ ತೂಗುತ್ತಿದ್ದ ಅಂಗಡಿಗಳ ಮುಂದೆ ಈಗ ಚೌಕಡಿ ಅಂಗಿ, ಬೂದು ಪ್ಯಾಂಟು, ನೆರಿಗೆಯ ಸ್ಕರ್ಟು, ನಾಲ್ಕು ಬಣ್ಣದ ಟೀ ಶರ್ಟುಗಳು. ಒಂದೊಂದು ಹ್ಯಾಂಗರಿಗೂ ಒಂದೊಂದು ಶಾಲೆಯ ಹೆಸರಿನ ಚೀಟಿ. ಅಂಗಡಿಯ ಹುಡುಗ ಮೊದಲು ಕೇಳುವುದು, "ಯಾವ ಸಾಲಿರೀ?" ಆಮೇಲೆ, "ಎಷ್ಟನೇ ಕ್ಲಾಸರೀ?" ಬಣ್ಣ ಯಾವುದು, ಬಟ್ಟೆ ಎಂಥದು ಎಂಬ ಮಾತೇ ಏಳುವುದಿಲ್ಲ. ಅದನ್ನೆಲ್ಲ ಶಾಲೆಯವರು ನಿಶ್ಚಯಿಸಿ ಆಗಿದೆ. ಗಿರಾಕಿಗೆ ಉಳಿದಿರುವುದು ಸೈಜು ಮಾತ್ರ.

ಆ ಸೈಜಿನ ಸುತ್ತಲೇ ಇಡೀ ವ್ಯಾಪಾರದ ಜಗ್ಗಾಟ ನಡೆಯುತ್ತದೆ. ಕುಂದಗೋಳ ಕಡೆಯ ತಾಯಿಯೊಬ್ಬಳು ಮೂರನೇ ತರಗತಿಯ ಮಗನನ್ನು ಕೌಂಟರಿನ ಮುಂದೆ ನಿಲ್ಲಿಸಿದ್ದಾಳೆ. ಮೈಮೇಲಿನ ಅಂಗಿಯ ಮೇಲೆಯೇ ಹೊಸ ಅಂಗಿ ತೊಡಿಸಲಾಗಿದೆ. ತೋಳು ಬೆರಳ ತುದಿಗೆ ಬಂದು ನಿಂತಿದೆ.

"ಇನ್ನೊಂದ ಸೈಜ ದೊಡ್ಡದ ತಗೀರಿ ಅಣ್ಣಾರ. ಬೆಳ್ಯೂ ಹುಡುಗ."

"ಅಕ್ಕಾರ, ಇದ ಜೋಲಾಕತ್ತೈತಿ ನೋಡ್ರಿ."

"ಜೋಲಲಿ ಬಿಡ್ರಿ. ದೀಪಾವಳಿಗೆ ಬರೋಬ್ಬರಿ ಆಗ್ತೈತಿ."

ಹುಡುಗ ಒಂದು ಮಾತೂ ಆಡುವುದಿಲ್ಲ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ತೋಳನ್ನು ಎರಡು ಸಲ ಮೇಲಕ್ಕೆ ಮಡಚುತ್ತಾನೆ. ಒಂದು ಬಟ್ಟೆ ಎರಡು ವರ್ಷ ಬಾಳಬೇಕೆಂಬ ಅವ್ವನ ಲೆಕ್ಕ ಅವನಿಗೂ ಗೊತ್ತಿದೆ.

ಬಿಲ್ಲು ಬರೆಯುವಾಗ ಆ ಲೆಕ್ಕ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ. ದಿನದ ಬಟ್ಟೆ ಎರಡು ಜೊತೆ. ಶನಿವಾರಕ್ಕೆ ಬಿಳಿ ಡ್ರೆಸ್ಸು ಒಂದು ಜೊತೆ. ಆಟದ ಪಿರಿಯಡ್ಡಿಗೆ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು. ಟೈ, ಬೆಲ್ಟು, ಶಾಲೆಯ ಹೆಸರು ನೇಯ್ದ ಸಾಕ್ಸು. ಕರಿ ಬೂಟು ಬೇರೆ, ಬಿಳಿ ಕ್ಯಾನ್ವಾಸ್ ಬೇರೆ. ಎಲ್ಲ ಕೂಡಿದಾಗ ನಾಲ್ಕೂವರೆ ಸಾವಿರದ ಹತ್ತಿರ ಬಂತು. ಅವಳು ಊರಿಂದ ಬಂದದ್ದು ಶಕ್ತಿ ಯೋಜನೆಯ ಬಸ್ಸಿನಲ್ಲಿ, ಅವಳ ಟಿಕೀಟಿಗೆ ಖರ್ಚಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಯನ್ನು ಎರಡು ತಿಂಗಳು ಮುಟ್ಟದೆ ಇಟ್ಟಿದ್ದಳು. ಅದೂ ಸಾಲದೆ ಸೆರಗಿನ ಗಂಟು ಬಿಚ್ಚಬೇಕಾಯಿತು. ನರೇಗಾ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಹನ್ನೆರಡು ದಿನ ಮಣ್ಣು ಹೊತ್ತರೆ ಒಬ್ಬ ಹುಡುಗನ ಬಟ್ಟೆ.

ಹೊತ್ತಾದರೂ ಎಂಥದು! ಇನ್ನೊಂದು ವಾರ ಹತ್ತು ದಿನಕ್ಕೆ ಮಿರಗದ ಮಳೆ ಕೂಡುತ್ತದೆ. ಧಾರವಾಡ ಜಿಲ್ಲೆಯ ಎರೆ ಹೊಲಗಳು ಹೆಸರು, ಸೋಯಾ, ಗೋವಿನಜೋಳದ ಬೀಜಕ್ಕೆ ಕಾಯುತ್ತಿರುತ್ತವೆ. ಡಿಎಪಿ ಗೊಬ್ಬರದ ಚೀಲಕ್ಕೆ 1,350 ರೂಪಾಯಿ. ಹಿಂದಿನ ವರ್ಷದ ಪೀಕಿನ ರೊಕ್ಕ ಯುಗಾದಿಗೇ ಮುಗಿದಿರುತ್ತದೆ. ಬೀಜ, ಗೊಬ್ಬರ, ಶಾಲೆಯ ಫೀ, ಸಮವಸ್ತ್ರ ಎಲ್ಲವೂ ಒಂದೇ ಹದಿನೈದು ದಿನದಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತವೆ. ಅಕ್ಟೋಬರಿನಲ್ಲಿ ಆಗಿದ್ದರೆ ಇದೇ ರೊಕ್ಕ ಇಷ್ಟು ಭಾರ ಅನ್ನಿಸುತ್ತಿರಲಿಲ್ಲ. ಹೊಲವಿಲ್ಲದವರ ಪಾಡೂ ಇದೇ. ಹುಬ್ಬಳ್ಳಿಯ ಹಮಾಲರು, ಆಟೋದವರು, ಮನೆಗೆಲಸದವರು ಮೇ ತಿಂಗಳಲ್ಲಿ ಸಂಘದ ಸಾಲಕ್ಕೆ ಅರ್ಜಿ ಹಾಕಿ ಕೂತಿರುತ್ತಾರೆ.

ಆ ತಾಯಿಯ ಕೈಚೀಲದಲ್ಲಿ ಇನ್ನೊಂದು ಬಟ್ಟೆಯಿದೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿ. ಅವಳಿಗೆ ಶಾಲೆಯಲ್ಲಿ ಕೊಟ್ಟ ನೀಲಿ ಬಟ್ಟೆಯನ್ನು ಹೋದ ವರ್ಷ ಹೊಲಿಸಲಾಗಿರಲಿಲ್ಲ, ಈಗ ತಂದಿದ್ದಾಳೆ. ಹುಡುಗನಿಗೆ ಇಂಗ್ಲಿಷ್ ಮಾಧ್ಯಮ, ಹುಡುಗಿಗೆ ಊರ ಸಾಲಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ಪಾಲು ನಡೆದಿದೆ. ಅದರ ನೋವು ಮಗಳಿಗೆ ಪ್ರತಿವರ್ಷ ಇದೇ ವಾರದಲ್ಲಿ ತಟ್ಟುತ್ತದೆ.

ಆ ಬಟ್ಟೆ ಹೊಲಿಸಲು ತಾಯಿ, ಮಕ್ಕಳು ಬಂದದ್ದು ಹಳೇ ಹುಬ್ಬಳ್ಳಿಯ ಓಣಿಯೊಂದರ ಒಂದೇ ಖೋಲಿಯ ಟೇಲರ್ ಅಂಗಡಿಗೆ. ಎರಡು ಮಷೀನು, ಗೋಡೆಯ ತುಂಬ ಹೆಸರು ಬರೆದ ಚೀಟಿ ಚುಚ್ಚಿದ ಗಂಟುಗಳು. ಟೇಲರ್ ಕಾಕಾ ಕನ್ನಡಕವನ್ನು ಹಣೆಗೇರಿಸಿ ಟೇಪು ಹಿಡಿದ.

"ಮೂರ ಬೆರಳ ಒಳಗ ಮಡಚಿ ಹೊಲೀರಿ ಕಾಕಾ. ಬರೂ ವರ್ಸ ಬಿಚ್ಚಿ ಉದ್ದ ಮಾಡಬೌದು."

"ಮಡಚಬೇಕಂದ್ರ ಅರಿವಿ ಇರಬೇಕಲ್ಲಬೇ ತಂಗಿ. ಕೊಟ್ಟಿದ್ದ ಇಷ್ಟ. ಹುಡುಗಿ ನೋಡು, ನಿನಗಿಂತ ಉದ್ದ ಆಗ್ಯಾಳ."

ಚೂಡಿದಾರದ ಹೊಲಿಗೆಗೆ ಆತ ಮುನ್ನೂರೈವತ್ತು ಹೇಳಿ ಮುನ್ನೂರಕ್ಕೆ ಒಪ್ಪಿದ. ಒಳಗಿನ ಲೈನಿಂಗು, ದಾರ, ಗುಂಡಿ ಅವನದೇ. ಕಾಜಾ ಹಾಕಲು ಪಕ್ಕದ ಮನೆಯ ಹೆಣ್ಣುಮಗಳಿಗೆ ಕೊಡುತ್ತಾನೆ. ಒಂದು ಕಾಜಾಕ್ಕೆ ಇಷ್ಟು ಎಂದು ಆಕೆಗೆ ಕೂಲಿ. ಈ ದರದಲ್ಲಿ ಅವನನ್ನು ದೂರುವಂಥದ್ದೇನೂ ಇಲ್ಲ. ಜೂನ್ ಒಂದು ತಿಂಗಳು ರಾತ್ರಿ ಹನ್ನೊಂದರವರೆಗೆ ಮಷೀನು ತುಳಿದರೆ ಅವನ ಮನೆಯ ಮಳೆಗಾಲ ದಾಟಬೇಕು.

ಸರ್ಕಾರ ಏನೂ ಕೊಡುತ್ತಿಲ್ಲವೆಂದರೆ ಅನ್ಯಾಯವಾದೀತು. ವಿದ್ಯಾ ವಿಕಾಸ ಯೋಜನೆಯಡಿ ಒಂದರಿಂದ ಹತ್ತನೆಯ ತರಗತಿವರೆಗಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಪುಸ್ತಕ ಮತ್ತು ಸಮವಸ್ತ್ರ ಉಚಿತ. ಇದರ ಬಟ್ಟೆಯಲ್ಲಿ ಒಂದು ಪಾಲು ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ಬರುತ್ತಿತ್ತು. 1975ರಲ್ಲಿ ಹುಟ್ಟಿದ ಆ ನಿಗಮದ ನೆಲೆ ಇದೇ ಹುಬ್ಬಳ್ಳಿ. ನೇಕಾರನ ಮಗ್ಗಕ್ಕೆ ಕೆಲಸ, ಮಗುವಿನ ಮೈಗೆ ಬಟ್ಟೆ ಎಂಬ ಆ ಯೋಚನೆ ದೊಡ್ಡದು. ಕೇರಳವೂ 2017ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೈಮಗ್ಗದ ಸಮವಸ್ತ್ರ ಕೊಡುತ್ತಿದೆ. ನಮ್ಮಲ್ಲಿ ಯೋಜನೆ ಎಡವುವುದು ಬಟ್ಟೆಯ ತುಂಡನ್ನು ಮಗುವಿನ ಕೈಗಿಟ್ಟ ಮೇಲೆ. ಅದನ್ನು ಅಂಗಿ ಮಾಡಿಸುವ ಖರ್ಚು ಮನೆಯವರದು. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ ಒಂದು ಮಗುವಿನ ಎರಡು ಜೊತೆ ಬಟ್ಟೆಗೆ ವರ್ಷಕ್ಕೆ 600 ರೂಪಾಯಿ. ಅಂದರೆ ಜೊತೆಯೊಂದಕ್ಕೆ ಮುನ್ನೂರು. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಬರೀ ಹೊಲಿಗೆಗೇ ಮುನ್ನೂರು ಹೋಯಿತು. ಅರಿವೆಯನ್ನು ಯಾವ ರೊಕ್ಕದಲ್ಲಿ ತರುವುದು?

ಬೂಟಿನ ಕಥೆಯೂ ಇಂಥದೇ. 2015-16ರಿಂದ ರಾಜ್ಯ ಸರ್ಕಾರ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಬಿಳಿ ಸಾಕ್ಸು ಕೊಡತೊಡಗಿತು. 2022-23ರಲ್ಲಿ ನಿಗದಿಯಾದ ದರ ಐದನೆಯ ತರಗತಿವರೆಗೆ 265, ಎಂಟರವರೆಗೆ 295, ಹತ್ತರವರೆಗೆ 325 ರೂಪಾಯಿ. ಈ ರೊಕ್ಕದಲ್ಲಿ ಶಾಲಾಭಿವೃದ್ಧಿ ಸಮಿತಿಯವರು ಬೂಟು, ಸಾಕ್ಸು ಎರಡನ್ನೂ ಕೊಳ್ಳಬೇಕು. ಹುಬ್ಬಳ್ಳಿಯ ಪೇಟೆಯಲ್ಲಿ ಆ ದರಕ್ಕೆ ಸಿಗುವ ಬೂಟು ಶ್ರಾವಣದ ಕೆಸರಿನಲ್ಲಿ ಬಾಯಿ ಬಿಡುತ್ತದೆ. ಆಮೇಲೆ ಮಕ್ಕಳು ಚಪ್ಪಲಿಗೆ ಮರಳುತ್ತಾರೆ.

ಈ ಬಟ್ಟೆ, ಬೂಟಿನ ಕೊರತೆಯನ್ನು ಹೈಕೋರ್ಟಿನವರೆಗೆ ಒಯ್ದವನೂ ನಮ್ಮ ಕಡೆಯ ಒಬ್ಬ ಹುಡುಗನೇ. ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ವಿದ್ಯಾರ್ಥಿ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎರಡು ಜೊತೆ ಸಮವಸ್ತ್ರ, ಬೂಟು, ಸಾಕ್ಸು ನನಗೆ ಸಲ್ಲಬೇಕಲ್ಲವೇ ಎಂದು ತಂದೆಯ ಮೂಲಕ ಅರ್ಜಿ ಹಾಕಿದ. 2019ರಲ್ಲಿ ಕೊಡಿ ಎಂದು ನ್ಯಾಯಾಲಯ ಹೇಳಿತು. ಆದೇಶ ಪಾಲನೆಯಾಗಲಿಲ್ಲವೆಂದು ನ್ಯಾಯಾಂಗ ನಿಂದನೆ ಅರ್ಜಿ ಬಂತು. 2023ರಲ್ಲಿ ನ್ಯಾಯಪೀಠ ಶಿಕ್ಷಣ ಇಲಾಖೆಯನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಒಂದು ಮಗು ತನ್ನ ಎರಡನೆಯ ಅಂಗಿಗಾಗಿ ನಾಲ್ಕು ವರ್ಷ ಕಾಯುವ ನಾಡಿನಲ್ಲಿದ್ದೇವೆಂಬುದು ನನಗೆ ಮರೆಯಲಾಗದ ಸಂಗತಿ. ಆ ನಾಲ್ಕು ವರ್ಷದಲ್ಲಿ ಮಗುವಿನ ಅಳತೆಯೇ ಬದಲಾಗಿರುತ್ತದೆ.

ಒಂದೇ ಜೊತೆ ಇರುವುದೆಂದರೇನು ಎಂದು ಗೊತ್ತಾಗಬೇಕಾದರೆ ಜುಲೈ ತಿಂಗಳಲ್ಲಿ ಸೆಟ್ಲ್‌ಮೆಂಟಿನಲ್ಲೋ ಗಣೇಶಪೇಟೆಯಲ್ಲೋ ಸಂಜೆ ಹೊತ್ತು ನಡೆದುನೋಡಬೇಕು. ಜಿಟಿಜಿಟಿ ಮಳೆ. ಬಾಗಿಲ ಒಳಗೆ ಕಟ್ಟಿದ ಹಗ್ಗದ ಮೇಲೆ ನೀಲಿ ಅಂಗಿ. ರಾತ್ರಿ ಒಣಗದಿದ್ದರೆ ಬೆಳಿಗ್ಗೆ ಒಲೆಯ ಮುಂದೆ ಹಿಡಿಯುತ್ತಾರೆ, ಇಲ್ಲವೇ ಹಸಿ ಅಂಗಿಯ ಮೇಲೆ ಇಸ್ತ್ರಿ ಆಡಿಸುತ್ತಾರೆ. ಅದೂ ಆಗದ ದಿನ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರು. ಕೀನ್ಯಾದ ಬಡ ಮಕ್ಕಳಿಗೆ ಸಮವಸ್ತ್ರ ಉಚಿತವಾಗಿ ಕೊಟ್ಟು ನೋಡಿದ ಸಂಶೋಧಕರು, ಗೈರುಹಾಜರಿ ಕಡಿಮೆಯಾದದ್ದನ್ನು ದಾಖಲಿಸಿದ್ದಾರೆ. ನಮ್ಮ ತಾಯಂದಿರು ಒಲೆಯ ಮುಂದೆ ನಿಂತು ಅರಿತದ್ದೂ ಅದನ್ನೇ. ಆಗಸ್ಟ್ 15 ಬಂದರಂತೂ ಈ ಆತಂಕ ಇಮ್ಮಡಿ. ಅಂದು ನಾಡಿನ ಧ್ವಜಸ್ತಂಭಗಳ ಮೇಲೆ ಹಾರುವ ಖಾದಿ ಬಾವುಟಗಳಲ್ಲಿ ಎಷ್ಟೋ ಹುಬ್ಬಳ್ಳಿಯ ಬೆಂಗೇರಿಯಲ್ಲೇ ಹೊಲಿದವು. ಅದೇ ಊರಿನ ಮಗು ಶುಭ್ರ ಬಟ್ಟೆಯಿಲ್ಲವೆಂದು ಸಾಲಿನ ಹಿಂದೆ ನಿಲ್ಲುವುದು ನ್ಯಾಯವಲ್ಲ.

ಸಮವಸ್ತ್ರವೇ ಬೇಡ ಎನ್ನುವವರ ಜೊತೆ ನಾನಿಲ್ಲ. ಸಾಹುಕಾರನ ಮಗನೂ ಹಮಾಲನ ಮಗನೂ ಒಂದೇ ಬಣ್ಣದಲ್ಲಿ ಕೂರುವ ತರಗತಿ ನನಗೆ ಇಷ್ಟ. ಆ ಬಣ್ಣ ವ್ಯಾಪಾರದ ಕೈಗೆ ಹೋಗಬಾರದು, ಅಷ್ಟೇ. ಕೆಲವು ಖಾಸಗಿ ಶಾಲೆಗಳು ಇಂಥದೇ ಅಂಗಡಿಯಲ್ಲಿ ಕೊಳ್ಳಿರೆಂದು ಚೀಟಿ ಕೊಡುತ್ತವೆ. ಕೆಲವೆಡೆ ಶಾಲೆಯ ಒಳಗೇ ಕೌಂಟರು. ಎರಡು ವರ್ಷಕ್ಕೊಮ್ಮೆ ಕಾಲರಿಗೆ ಒಂದು ಪಟ್ಟಿ ಸೇರುತ್ತದೆ, ಚೌಕಡಿಯ ಗೆರೆ ಹಿಗ್ಗುತ್ತದೆ, ಲಾಂಛನದ ಬಣ್ಣ ಬದಲಾಗುತ್ತದೆ. ಅಷ್ಟಾದರೆ ಸಾಕು, ಅಣ್ಣನ ಅಂಗಿ ತಮ್ಮನಿಗೆ ನಡೆಯುವುದಿಲ್ಲ. ಪಕ್ಕದ ಮನೆಯವರು ತೊಳೆದು ಮಡಚಿ ಕೊಟ್ಟ ಸ್ಕರ್ಟೂ ಉಪಯೋಗಕ್ಕೆ ಬರುವುದಿಲ್ಲ. ಅವ್ವ ಒಳಗೆ ಮಡಚಿಸಿಟ್ಟ ಮೂರು ಬೆರಳ ಅರಿವೆಯನ್ನು ಬಿಚ್ಚುವ ಸಂದರ್ಭವೇ ಬರುವುದಿಲ್ಲ. ಬಡವರ ಮನೆಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದ ಉಳಿತಾಯದ ದಾರಿಯನ್ನು ಒಂದು ಗೆರೆ ಕಡಿದುಹಾಕುತ್ತದೆ.

ಇದನ್ನು ತಡೆಯಲು ಕಾನೂನು ಇಲ್ಲದಿಲ್ಲ. ಕರ್ನಾಟಕ ಶಿಕ್ಷಣ ಸಂಸ್ಥೆಗಳ 1995ರ ನಿಯಮಗಳಲ್ಲಿ 11ನೆಯದು ಸ್ಪಷ್ಟವಾಗಿ ಹೇಳುತ್ತದೆ: ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಪಾಲಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ನೋಟಿಸು ಕೊಡಬೇಕು. ಶಾಲೆಯ ಆವರಣದಲ್ಲಿ ಸಮವಸ್ತ್ರ, ಪುಸ್ತಕಗಳ ವ್ಯಾಪಾರ ಬೇಡವೆಂದು ಸಿಬಿಎಸ್‌ಇ 2017ರಲ್ಲಿ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತು. ಸಿರಿವಂತ ಇಂಗ್ಲೆಂಡಿನಲ್ಲೂ 2021ರಲ್ಲಿ ಸಮವಸ್ತ್ರದ ಖರ್ಚಿಗೆಂದೇ ಒಂದು ಕಾಯ್ದೆ ಬಂದಿದೆ. ಶಾಲೆಯ ಲಾಂಛನವಿರುವ ಬಟ್ಟೆಗಳನ್ನು ಆದಷ್ಟು ಕಡಿಮೆ ಮಾಡಿ, ಬಳಸಿದ ಬಟ್ಟೆ ಪಾಲಕರಿಗೆ ಸಿಗುವಂತೆ ನೋಡಿಕೊಳ್ಳಿ ಎಂದು ಅದರಡಿಯ ಮಾರ್ಗಸೂಚಿ ಶಾಲೆಗಳಿಗೆ ಹೇಳುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡ ಸ್ವಸಹಾಯ ಸಂಘಗಳು ಓಣಿಗೊಂದರಂತೆ ಇವೆ. ಫೆಬ್ರುವರಿಯಲ್ಲಿ ಮಕ್ಕಳ ಮಾಪು ತೆಗೆದು ಅವರಿಗೆ ಬಟ್ಟೆ ಕೊಟ್ಟರೆ ಶಾಲೆ ತೆರೆಯುವ ದಿನಕ್ಕೆ ಹೊಲಿದ ಅಂಗಿಯೇ ಮಕ್ಕಳ ಕೈಗೆ ಬರುತ್ತದೆ. ಕೂಲಿ ಊರಲ್ಲೇ ಉಳಿಯುತ್ತದೆ. ಇಲಾಖೆ ಹೊಲಿಗೆಯ ಖರ್ಚನ್ನೂ ಪೇಟೆಯ ದರದಲ್ಲಿ ಕೊಡಲಿ. ಖಾಸಗಿ ಶಾಲೆಯವರು ಸಾದಾ ಬಟ್ಟೆ ಎಲ್ಲಿಯಾದರೂ ಕೊಳ್ಳಲು ಬಿಟ್ಟು, ಲಾಂಛನದ ಬ್ಯಾಡ್ಜ್ ಮಾತ್ರ ತಾವು ಕೊಡಲಿ. ಪಾಲಕರೇ, ಈ ಸಲ ನಿಮ್ಮ ಮಕ್ಕಳ ಶಾಲೆಯ ಬಟ್ಟೆ ಬದಲಾಗಿದ್ದರೆ, ಹಿಂದಿನದು ಬಂದು ಎಷ್ಟು ವರ್ಷವಾಯಿತು, ಒಂದು ವರ್ಷ ಮೊದಲಿನ ನೋಟಿಸು ಎಲ್ಲಿ ಎಂದು ಪಾಲಕರ ಸಭೆಯಲ್ಲಿ ಎದ್ದುನಿಂತು ಕೇಳಿ. ಉತ್ತರ ಬಾರದಿದ್ದರೆ ನಾಲ್ಕು ಮಂದಿ ಕೂಡಿ, ನಿಯಮ 11ನ್ನು ಹೆಸರಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.