ಮದುವೆ ಕ್ಯಾಸೆಟ್ಟಿನ ನಡುಗುವ ಗೆರೆಗಳು

ಹಳೆಯ ಮದುವೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಡಿಟಿಂಗ್ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಎಂದು. ವಿಚಾರಿಸಬೇಕಾದದ್ದು ಪ್ಲೇಯರಿನ ಬಗ್ಗೆ. ಚಿತ್ರದ ಹಣೆಬರಹ ಕಂಪ್ಯೂಟರ್ ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ.

ವಿಎಚ್‌ಎಸ್ ಟೇಪಿನ ಅಗಲ ಅರ್ಧ ಇಂಚು. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ ಬರೀ 2.3 ಸೆಂಟಿಮೀಟರಿನಷ್ಟು ಸರಿಯುತ್ತದೆ. ಆ ವೇಗದಲ್ಲಿ ಧ್ವನಿಯನ್ನು ಹಿಡಿದಿಡಬಹುದು, ಚಿತ್ರವನ್ನು ಸಾಧ್ಯವಿಲ್ಲ. ಹಾಗಾಗಿ ಟೇಪಿನ ಬದಲು ಅದನ್ನು ಓದುವ ಹೆಡ್ಡನ್ನೇ ಓಡಿಸುತ್ತಾರೆ. 62 ಮಿಲಿಮೀಟರ್ ವ್ಯಾಸದ ಹೊಳೆಯುವ ಡ್ರಮ್ಮೊಂದು ತುಸು ವಾಲಿಕೊಂಡು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಎದುರುಬದುರು ಅಂಚಿನಲ್ಲಿ ಎರಡು ಪುಟ್ಟ ಹೆಡ್‌ಗಳು. ಒಂದೊಂದೂ ಟೇಪಿನ ಮೇಲೆ ಓರೆಯಾಗಿ ಒಂದು ಗೀಟು ಓದುತ್ತದೆ. ಒಂದು ಗೀಟೆಂದರೆ ಅರ್ಧ ಚಿತ್ರ. ಒಮ್ಮೆ ಬೆಸ ಸಾಲುಗಳು, ಇನ್ನೊಮ್ಮೆ ಸಮ ಸಾಲುಗಳು. ಟೇಪು ತೆವಳುತ್ತಿದ್ದರೂ ಹೆಡ್ಡು ಅದರ ಮೇಲೆ ಸೆಕೆಂಡಿಗೆ ಸುಮಾರು 4.8 ಮೀಟರ್ ಓಡಿರುತ್ತದೆ. ಮನೆಮನೆಯ ಟೀವಿ ಕೆಳಗಿದ್ದ ಪೆಟ್ಟಿಗೆಯಲ್ಲಿ ಇಷ್ಟು ನಾಜೂಕಿನ ಕೆಲಸ ನಡೆಯುತ್ತಿತ್ತು ಎಂಬುದು ನನಗೆ ಇಂದಿಗೂ ಬೆರಗು.

ತೊಂದರೆ ಇರುವುದೂ ಈ ನಾಜೂಕಿನಲ್ಲೇ. ಚಿತ್ರದ ಪ್ರತಿ ಸಾಲಿಗೆ ಸಿಗುವ ಕಾಲ 64 ಮೈಕ್ರೋಸೆಕೆಂಡ್. ವರ್ಷಗಟ್ಟಲೆ ಬೀರುವಿನಲ್ಲಿದ್ದ ಟೇಪು ಅಲ್ಲಲ್ಲಿ ಹಿಗ್ಗಿರುತ್ತದೆ, ಕುಗ್ಗಿರುತ್ತದೆ. ಒಂದು ಸಾಲು ಚೂರು ಮೊದಲೇ ಬರುತ್ತದೆ, ಮುಂದಿನದು ಚೂರು ತಡ. ಮಂಟಪದ ಬಾಳೆಕಂಬ ಬಳುಕಿದಂತೆ ಕಾಣುವುದು ಇದರಿಂದ. ಹಳೆಯ ಪಿಕ್ಚರ್ ಟ್ಯೂಬ್ ಟೀವಿ ಈ ಏರುಪೇರಿಗೆ ಹೊಂದಿಕೊಂಡು ಹೋಗುತ್ತಿತ್ತು. ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಆ ತಾಳ್ಮೆಯಿಲ್ಲ. ಲೆಕ್ಕ ತಪ್ಪಿದಾಗ ಅದು ಫ್ರೇಮನ್ನೇ ಬಿಟ್ಟುಬಿಡುತ್ತದೆ. ಹೀಗೆ ಬಿಟ್ಟ ಫ್ರೇಮುಗಳು ಸೇರಿ ಸೇರಿ, ಗಂಟೆ ಕಳೆಯುವಷ್ಟರಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಿರುತ್ತದೆ.

ಇದಕ್ಕೆ ಮದ್ದು ಟೈಮ್ ಬೇಸ್ ಕರೆಕ್ಟರ್. ಬಂದ ಸಾಲುಗಳನ್ನು ಕ್ಷಣಕಾಲ ಮೆಮೊರಿಯಲ್ಲಿ ಹಿಡಿದಿಟ್ಟು, ತನ್ನದೇ ಗಡಿಯಾರದ ಪ್ರಕಾರ ಒಂದೇ ಅಂತರದಲ್ಲಿ ಹೊರಬಿಡುತ್ತದೆ. ಉತ್ತಮ ದರ್ಜೆಯ ಕೆಲವು ಎಸ್-ವಿಎಚ್‌ಎಸ್ ಪ್ಲೇಯರುಗಳಲ್ಲಿ ಇದು ಒಳಗೇ ಇರುತ್ತದೆ. ಎಸ್-ವಿಡಿಯೋ ಕಿಂಡಿ ಇದ್ದರೆ ಹಳದಿ ವೈರಿನ ಬದಲು ಅದನ್ನೇ ಬಳಸಿ: ಬಣ್ಣ ಮತ್ತು ಬೆಳಕಿನ ಸಂಕೇತಗಳು ಬೆರೆಯದೆ ಬೇರೆಬೇರೆಯಾಗಿ ಬರುತ್ತವೆ. ಕಂಪ್ಯೂಟರಿನಲ್ಲಿ 720 x 576 ಅಳತೆಯಲ್ಲಿ ಉಳಿಸಿಕೊಳ್ಳಿ. ಡಿವಿ ರೂಪದಲ್ಲಾದರೆ ಗಂಟೆಗೆ 13 ಜಿಬಿಯಷ್ಟು ಜಾಗ ಸಾಕು. ಬೆಸ-ಸಮ ಸಾಲುಗಳನ್ನು ಬೆಸೆಯುವ ಕೆಲಸ ಎಡಿಟಿಂಗಿಗೆ ಬಿಡಿ.

ಕರಾವಳಿ, ಮಲೆನಾಡಿನವರು ಕ್ಯಾಸೆಟ್ಟಿನ ಕಿಟಕಿಯಲ್ಲಿ ಮೊದಲು ಇಣುಕಿ ನೋಡಬೇಕು. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಹೊಸ ಪ್ಲೇಯರ್ ಸಿಗುವ ಕಾಲವೂ ಮುಗಿದಿದೆ. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು.

ಇಳಿಸಿಕೊಂಡಾದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ, ಮುಂದೊಮ್ಮೆ ಇನ್ನೂ ಚೆನ್ನಾಗಿ ಇಳಿಸಿಕೊಳ್ಳುವ ಅವಕಾಶ ಸಿಗಬಹುದು. ಹೆಡ್ಡಿನಿಂದ ಬರುವ ಕಚ್ಚಾ ಸಂಕೇತವನ್ನೇ ನೇರವಾಗಿ ಹಿಡಿದು, ಪ್ಲೇಯರಿನ ಉಳಿದೆಲ್ಲ ಕೆಲಸವನ್ನೂ ಸಾಫ್ಟ್‌ವೇರಿನಿಂದಲೇ ಮಾಡಿಸುವ 'ವಿಎಚ್‌ಎಸ್-ಡಿಕೋಡ್' ಎಂಬ ಮುಕ್ತ ತಂತ್ರಾಂಶ ಈಗಾಗಲೇ ಬಳಕೆಯಲ್ಲಿದೆ.