ಆರ್‌ಸಿಬಿ ಯಾರನ್ನು ಬಿಟ್ಟಿತು, ಯಾಕೆ ಬಿಟ್ಟಿತು: ಕಟ್ಟೆಯ ಮಾತು ಮತ್ತು ನಿಜ ಸಂಗತಿ

ಜಗಳೂರು ತಾಲೂಕಿನ ಸೊಕ್ಕೆಯ ಕಡೆ ಮೆಕ್ಕೆಜೋಳದ ರಾಶಿ ನಡೆಯುವ ನವೆಂಬರ್ ಹೊತ್ತಿಗೇ ಐಪಿಎಲ್ ತಂಡಗಳು ಉಳಿಸಿಕೊಂಡವರ, ಕೈಬಿಟ್ಟವರ ಪಟ್ಟಿಯೂ ಹೊರಬೀಳುತ್ತದೆ. ಆಟ ಶುರುವಾಗಲು ಇನ್ನೂ ತಿಂಗಳುಗಟ್ಟಲೆ ಇದ್ದರೂ ಚಹಾದಂಗಡಿಯ ಮುಂದೆ ವಾದ ಆಗಲೇ ಕಾವೇರುತ್ತದೆ. ಯಾರನ್ನು ಬಿಟ್ಟರು, ಯಾರನ್ನು ತಂದರು, ಇನ್ನು ಮೇಲೆ ರನ್ ಹೊಡೆಯುವವರು ಯಾರು ಎಂಬ ಮಾತೇ ಮಾತು. ಈ ವಾದ ಸುಮ್ಮನೆ ಹೊತ್ತು ಕಳೆಯಲು ಮಾಡುವುದು ಎಂದು ನನಗೆ ಅನಿಸುವುದಿಲ್ಲ. ಆಟವನ್ನು ಪ್ರೀತಿಸುವವರು ಮಾತ್ರ ಹೀಗೆ ವಾದ ಮಾಡುತ್ತಾರೆ. ಹಾಗಾಗಿಯೇ ಅದರಲ್ಲಿ ಹೊಕ್ಕಿರುವ ಕೆಲವು ತಪ್ಪು ನಂಬಿಕೆಗಳನ್ನು ತಿದ್ದಬೇಕೆನಿಸುತ್ತದೆ.

ತಂಡ ಬದಲಾಗುವುದು ಎಂದರೇನು ಎಂಬುದನ್ನು ತಿಳಿಯಲು ನಮ್ಮ ದಾವಣಗೆರೆ ಜಿಲ್ಲೆಯವರು ದೂರ ಹೋಗಬೇಕಿಲ್ಲ. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದೇ ಹೆಸರಾದ ಆರ್. ವಿನಯ್ ಕುಮಾರ್ ಇದ್ದಾರೆ. 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ಸಾಲಾಗಿ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಐಪಿಎಲ್‌ನಲ್ಲಿ ಅವರು ಆರ್‌ಸಿಬಿಯಿಂದ ಕೊಚ್ಚಿಗೆ, ಅಲ್ಲಿಂದ ಮತ್ತೆ ಆರ್‌ಸಿಬಿಗೆ, ಆಮೇಲೆ ಕೋಲ್ಕತ್ತಕ್ಕೆ, ಮುಂಬೈಗೆ, ಕೊನೆಗೆ ಮತ್ತೆ ಕೋಲ್ಕತ್ತಕ್ಕೆ ಹೋದರು.

“ಸಂತೇಲಿ ಎತ್ತು ಮಾರಿದಂಗೆ ಮಾರಿಬಿಟ್ರು ನೋಡ್ರಿ!”

ಎಲ್ಲರ ಬಾಯಲ್ಲೂ ಇರುವ ಮಾತು ಇದು. ತಪ್ಪು ಶುರುವಾಗುವುದೂ ಇಲ್ಲಿಂದಲೇ. ಒಬ್ಬ ಆಟಗಾರ ತಂಡ ಬಿಡುವುದಕ್ಕೆ ಮೂರು ಬೇರೆ ಬೇರೆ ದಾರಿಗಳಿವೆ. ಒಪ್ಪಂದ ಮುಗಿಸಿ ಕೈಬಿಡುವುದು ಒಂದು. ಕೆಲವು ವರ್ಷಗಳಿಗೊಮ್ಮೆ ಬರುವ ದೊಡ್ಡ ಹರಾಜಿನ ಮುಂಚೆ, ಉಳಿಸಿಕೊಳ್ಳುವ ಮಿತಿಯೊಳಗೆ ಸೇರದೆ ಹೊರಗುಳಿಯುವುದು ಇನ್ನೊಂದು. ಎರಡು ತಂಡಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಮಾಡುವ ಟ್ರೇಡ್ ಮೂರನೆಯದು. ನಾವು ಮೂರಕ್ಕೂ ‘ಮಾರಿದರು’ ಎಂದುಬಿಡುತ್ತೇವೆ.

2013ರಲ್ಲಿ ವಿನಯ್ ಕುಮಾರ್ 23 ವಿಕೆಟ್ ತೆಗೆದರು. ಆ ವರ್ಷ ಆರ್‌ಸಿಬಿಯಲ್ಲಿ ಅವರಷ್ಟು ವಿಕೆಟ್ ಬೇರೆ ಯಾರೂ ತೆಗೆದಿರಲಿಲ್ಲ. ಮರುವರ್ಷ ಅವರು ಕೋಲ್ಕತ್ತದಲ್ಲಿದ್ದರು. ಅವರನ್ನು ಯಾರೂ ಮಾರಿರಲಿಲ್ಲ. 2014ಕ್ಕೆ ದೊಡ್ಡ ಹರಾಜು ಬಂತು, ಆರ್‌ಸಿಬಿ ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರನ್ನು ಮಾತ್ರ ಉಳಿಸಿಕೊಂಡಿತು, ಮಿಕ್ಕವರು ಹರಾಜಿಗೆ ಹೋದರು. ಹರಾಜಿನಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ ಸುರಿದ ತಂಡ ವಿನಯ್ ಅವರನ್ನು ಮರಳಿ ತರಲಿಲ್ಲ. ಇದನ್ನು ತಪ್ಪು ಆಯ್ಕೆ ಎನ್ನಿ, ನಾನೂ ಅದನ್ನೇ ಹೇಳುತ್ತೇನೆ. ಮೋಸ ಎನ್ನಲು ಮಾತ್ರ ಆಗದು.

ಕೆ.ಎಲ್. ರಾಹುಲ್ ಕಥೆಯಲ್ಲಿ ಈ ಮೂರರಲ್ಲಿ ಎರಡು ದಾರಿಗಳಿವೆ. 2016ಕ್ಕೆ ಮುಂಚೆ ಅವರು ಹೈದರಾಬಾದಿನಿಂದ ಬೆಂಗಳೂರಿಗೆ ಬಂದದ್ದು ಟ್ರೇಡ್ ಮೂಲಕ. 2018ರ ದೊಡ್ಡ ಹರಾಜಿಗೆ ಆರ್‌ಸಿಬಿ ಅವರನ್ನು ಉಳಿಸಿಕೊಳ್ಳಲಿಲ್ಲ, ಪಂಜಾಬ್ 11 ಕೋಟಿಗೆ ಕರೆದುಕೊಂಡು ಹೋಯಿತು.

“ದುಡ್ಡು ಇದ್ದೋರು ಎಳಕಂಡು ಹೋಗ್ತಾರೆ, ಆಟಗಾರನ್ನ ಯಾರು ಕೇಳ್ತಾರೆ?”

ಕೇಳಲೇಬೇಕು. ಐಪಿಎಲ್‌ನಲ್ಲಿ ಆಟಗಾರನ ಒಪ್ಪಿಗೆ ಇಲ್ಲದೆ ಟ್ರೇಡ್ ನಡೆಯುವುದಿಲ್ಲ. ಅವನು ಈಗ ಇರುವ ತಂಡವೂ ಒಪ್ಪಬೇಕು, ಕ್ರಿಕೆಟ್ ಮಂಡಳಿಯ ಅನುಮತಿಯೂ ಬೇಕು. ಇದನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ರವೀಂದ್ರ ಜಡೇಜಾ ಸಾಕ್ಷಿ. ರಾಜಸ್ಥಾನದ ಜೊತೆ ಒಪ್ಪಂದ ಇದ್ದಾಗಲೇ ಬೇರೆ ತಂಡದ ಜೊತೆ ನೇರವಾಗಿ ಮಾತಿಗಿಳಿದರೆಂದು 2010ರ ಇಡೀ ಐಪಿಎಲ್ ಅವರಿಗೆ ನಿಷೇಧವಾಯಿತು. ಅದೇ ಜಡೇಜಾ 2025ರ ನವೆಂಬರಿನಲ್ಲಿ ನಿಯಮದ ಪ್ರಕಾರವೇ ಚೆನ್ನೈನಿಂದ ರಾಜಸ್ಥಾನಕ್ಕೆ ಮರಳಿದರು, ಸಂಜು ಸ್ಯಾಮ್ಸನ್ ಚೆನ್ನೈಗೆ ಬಂದರು.

ಐಪಿಎಲ್‌ನ ಮೊದಲ ಅದಲುಬದಲುಗಳಲ್ಲಿ ಒಂದು ನಮ್ಮದೇ ತಂಡದ್ದು. 2009ರಲ್ಲಿ ಆರ್‌ಸಿಬಿ ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು ಕೊಡಗಿನ ರಾಬಿನ್ ಉತ್ತಪ್ಪ ಅವರನ್ನು ತಂದಿತು. ಮೊದಲ ವರ್ಷ ಉತ್ತಪ್ಪ ಸಪ್ಪೆಯಾದರು. 2010ರಲ್ಲಿ ಬಿರುಸಿನಿಂದ 374 ರನ್ ಹೊಡೆದರು. ಜಹೀರ್ 2011ರಲ್ಲಿ ಆರ್‌ಸಿಬಿಗೇ ವಾಪಸ್ ಬಂದರು. ಮೊದಲ ವರ್ಷದ ಕೊನೆಗೆ ತೀರ್ಪು ಕೊಟ್ಟಿದ್ದರೆ ಒಂದು, ಮೂರನೇ ವರ್ಷಕ್ಕೆ ಇನ್ನೊಂದು ಆಗುತ್ತಿತ್ತು.

ಹಣದ ಲೆಕ್ಕದಲ್ಲೂ ಗೊಂದಲವಿದೆ. ಟ್ರೇಡ್‌ನಲ್ಲಿ ಬಂದವನ ಸಂಬಳ ಮಾತ್ರ ತಂಡದ ಪರ್ಸ್‌ನಿಂದ, ಅಂದರೆ ಆಟಗಾರರಿಗಾಗಿ ಖರ್ಚು ಮಾಡಲು ಇರುವ ಮಿತಿಯ ಹಣದಿಂದ, ಕಡಿತವಾಗುತ್ತದೆ. ಒಂದು ತಂಡ ಇನ್ನೊಂದಕ್ಕೆ ಕೊಡುವ ವರ್ಗಾವಣೆ ಹಣ ಆ ಪರ್ಸ್‌ನ ಹೊರಗಿನದು. 2023ರ ನವೆಂಬರಿನಲ್ಲಿ ಮುಂಬೈ 17.5 ಕೋಟಿ ಸಂಬಳದ ಕ್ಯಾಮರಾನ್ ಗ್ರೀನ್ ಅವರನ್ನು ಆರ್‌ಸಿಬಿಗೆ ಕೊಟ್ಟದ್ದು ಇದಕ್ಕೇ. ಗುಜರಾತ್‌ನಿಂದ 15 ಕೋಟಿ ಸಂಬಳದ ಹಾರ್ದಿಕ್ ಪಾಂಡ್ಯ ಬರಬೇಕಿದ್ದರೆ ಮುಂಬೈಗೆ ಪರ್ಸ್‌ನಲ್ಲಿ ಜಾಗ ಬೇಕಿತ್ತು. ಗ್ರೀನ್ ಬೆಂಗಳೂರಿಗೆ ಬಂದದ್ದರ ಹಿಂದೆ ಮುಂಬೈನ ಅಗತ್ಯವೂ ಅಷ್ಟೇ ಇತ್ತು.

“ಹೊಡೆಯೋನೇ ಹೋದ್ಮೇಲೆ ತಂಡ ಮುಗೀತು”

ಎಲ್ಲಕ್ಕಿಂತ ಆಳಕ್ಕೆ ಬೇರುಬಿಟ್ಟ ನಂಬಿಕೆ ಇದು. ಇದನ್ನು ನಿಧಾನವಾಗಿ ಬಿಡಿಸಬೇಕು.

ಅಮೆರಿಕದಲ್ಲಿ ಅವರದೇ ಒಂದು ಫುಟ್‌ಬಾಲ್ ಇದೆ. ಅದರಲ್ಲಿ ಚೆಂಡನ್ನು ಎಸೆಯುವವನು ಒಬ್ಬ. ಅಂಚಿನಿಂದ ಓಡಿಹೋಗಿ ಅದನ್ನು ಹಿಡಿಯುವವನಿಗೆ ವೈಡ್ ರಿಸೀವರ್ ಎನ್ನುತ್ತಾರೆ. ಕಾನ್ಸಾಸ್ ಸಿಟಿ ತಂಡದಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಎಸೆದರೆ ಟೈರೀಕ್ ಹಿಲ್ ಹಿಡಿಯುತ್ತಿದ್ದರು. ಹಿಲ್ ಅವರ ಓಟಕ್ಕೆ ಸಾಟಿಯಾಗುವವರು ವಿರಳ. 2022ರ ಮಾರ್ಚ್‌ನಲ್ಲಿ ಕಾನ್ಸಾಸ್ ಅವರನ್ನು ಮಯಾಮಿಗೆ ಕೊಟ್ಟಿತು. ಬದಲಿಗೆ ಪಡೆದದ್ದು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಐದು ಅವಕಾಶಗಳನ್ನು. ತಂಡದ ಆಕ್ರಮಣ ಇಲ್ಲಿಗೆ ಮುಗಿಯಿತು ಎಂದುಕೊಂಡ ಅಭಿಮಾನಿಗಳು ಕಡಿಮೆಯಿರಲಿಲ್ಲ. ಆ ಋತುವಿನಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದು ಕಾನ್ಸಾಸ್. 2023ರ ಫೆಬ್ರುವರಿಯಲ್ಲಿ ಚಾಂಪಿಯನ್ ಪಟ್ಟ ಗೆದ್ದಿತು, 2024ರಲ್ಲಿ ಮತ್ತೆ ಗೆದ್ದಿತು. ಒಬ್ಬನ ಕಡೆಗೇ ಹೋಗುತ್ತಿದ್ದ ಎಸೆತಗಳು ಹಲವರಿಗೆ ಹಂಚಿಹೋದವು, ಎದುರಾಳಿಗೆ ಯಾರನ್ನು ಕಾಯಬೇಕೆಂದು ತಿಳಿಯದಾಯಿತು. ಮಯಾಮಿಯಲ್ಲಿ ಹಿಲ್ ಕೂಡ ಚೆನ್ನಾಗಿಯೇ ಆಡಿದರು. ಒಂದು ಟ್ರೇಡ್‌ನಲ್ಲಿ ಎರಡು ಕಡೆಯವರೂ ಗೆಲ್ಲಬಹುದು ಎಂಬುದನ್ನು ನಮ್ಮ ವಾದಗಳು ಮರೆತೇಬಿಡುತ್ತವೆ.

ಈಗ ನಮ್ಮ ಕಥೆಗೆ ಬರೋಣ. 2016ರ ಆರ್‌ಸಿಬಿಯ ಬ್ಯಾಟಿಂಗ್‌ಗೆ ಸಮನಾದದ್ದು ಆ ವರ್ಷ ಇರಲಿಲ್ಲ. ಕೊಹ್ಲಿ ನಾಲ್ಕು ಶತಕದೊಂದಿಗೆ 973 ರನ್, ಡಿವಿಲಿಯರ್ಸ್ 687, ಅವರ ಜೊತೆ ಗೇಲ್, ರಾಹುಲ್, ವಾಟ್ಸನ್. ಮೇ 29ರ ಫೈನಲ್ ಚಿನ್ನಸ್ವಾಮಿಯಲ್ಲೇ ನಡೆಯಿತು. ಹೈದರಾಬಾದ್ 208 ಹೊಡೆಯಿತು. ಬೆನ್ನಟ್ಟಿದ ಆರ್‌ಸಿಬಿಗೆ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೆ 114 ರನ್ ಸೇರಿಸಿಕೊಟ್ಟರು. ಆದರೂ ತಂಡ 200ಕ್ಕೆ ನಿಂತು 8 ರನ್‌ಗಳಿಂದ ಸೋತಿತು.

ಸೋಲಿನ ಬಗ್ಗೆ ಮಾತು ಬಂದಾಗಲೆಲ್ಲ ನಾವು ಹುಡುಕುವುದು ಔಟಾದ ಬ್ಯಾಟರ್‌ನನ್ನು. ನೋಡಬೇಕಾದದ್ದು ಮೊದಲ ಇನಿಂಗ್ಸ್ ಅನ್ನು. ಆ ಋತುವಿನಲ್ಲಿ 20 ವಿಕೆಟ್ ತೆಗೆದಿದ್ದ ವಾಟ್ಸನ್ ಅಂದು 4 ಓವರ್‌ಗಳಲ್ಲಿ 61 ರನ್ ಕೊಟ್ಟರು. ಒಬ್ಬರ ದಿನ ಕೆಟ್ಟಿತ್ತು, ಅದು ಯಾರಿಗಾದರೂ ಆಗುವಂಥದ್ದೇ. ಕೊನೆಯ ಓವರ್‌ಗಳಲ್ಲಿ ಅವರ ಬದಲು ಚೆಂಡು ಕೊಡಲು ಇನ್ನೊಬ್ಬ ನಂಬಿಕಸ್ತ ಇರಲಿಲ್ಲ ಎಂಬುದು ತಂಡ ಕಟ್ಟಿದ ರೀತಿಯ ಕೊರತೆ. ಎದುರು ಕಡೆ ಭುವನೇಶ್ವರ್ ಕುಮಾರ್ ವಿಕೆಟ್ ಸಿಗದಿದ್ದರೂ 4 ಓವರ್‌ಗಳಲ್ಲಿ ಬರೀ 25 ರನ್ ಕೊಟ್ಟರು. ಎರಡು ತಂಡಗಳ ನಡುವೆ ಉಳಿದದ್ದು 8 ರನ್.

ಒಬ್ಬ ಬೌಲರ್ 4 ಓವರ್‌ಗಿಂತ ಹೆಚ್ಚು ಹಾಕುವಂತಿಲ್ಲ, ಹಾಗಾಗಿ 20 ಓವರ್‌ಗೆ ಕನಿಷ್ಠ ಐವರು ಬೇಕು. ಆಡುವ ಹನ್ನೊಂದರಲ್ಲಿ ವಿದೇಶಿಯರು ನಾಲ್ವರು ಮಾತ್ರ. ಆ ನಾಲ್ಕರಲ್ಲಿ ಮೂರು ಜಾಗ ಬ್ಯಾಟಿಂಗಿಗೇ ಹೋದರೆ ಬೌಲಿಂಗಿಗೆ ಏನು ಉಳಿಯುತ್ತದೆ ಎಂಬುದು ಆರ್‌ಸಿಬಿಯನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ.

2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಉತ್ತರ ಸಿಕ್ಕಿತು. ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನು ಉಳಿಸಿಕೊಂಡು 83 ಕೋಟಿ ಹಿಡಿದು ತಂಡ ಹರಾಜಿಗೆ ಕೂತಿತು. ರಾಹುಲ್ ಬರಲಿಲ್ಲ, ಸಿರಾಜ್ ಗುಜರಾತ್ ಪಾಲಾದರು. ಆ ಎರಡು ದಿನ ಅಭಿಮಾನಿಗಳು ಕೆಂಡವಾಗಿದ್ದರು. ತಂಡ ತಂದದ್ದು ಜೋಶ್ ಹೇಜಲ್‌ವುಡ್ ಅವರನ್ನು 12.5 ಕೋಟಿಗೆ, ಅದೇ ಭುವನೇಶ್ವರ್ ಅವರನ್ನು 10.75 ಕೋಟಿಗೆ, ಕೃಣಾಲ್ ಪಾಂಡ್ಯ ಅವರನ್ನು 5.75 ಕೋಟಿಗೆ. ಹೆಸರು ನೋಡಿ ಕೊಂಡ ಹಾಗಿರಲಿಲ್ಲ. ಯಾವ ಓವರ್ ಯಾರು ಹಾಕಬೇಕು ಎಂದು ಮೊದಲು ಬರೆದಿಟ್ಟುಕೊಂಡು ಕೊಂಡ ಹಾಗಿತ್ತು.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಆರ್‌ಸಿಬಿ ಹೊಡೆದದ್ದು 190. ಯಾರದೂ ಅರ್ಧಶತಕ ಇಲ್ಲ, ಹೆಚ್ಚೆಂದರೆ ಕೊಹ್ಲಿಯ 43. ಕೃಣಾಲ್ 4 ಓವರ್‌ಗಳಲ್ಲಿ 17 ರನ್ ಕೊಟ್ಟು 2 ವಿಕೆಟ್ ಕಿತ್ತರು, ಪಂದ್ಯ 6 ರನ್‌ಗಳಿಂದ ನಮ್ಮದಾಯಿತು. ಆ ಋತುವಿನಲ್ಲಿ ತಂಡದ ಒಂಬತ್ತು ಬೇರೆ ಬೇರೆ ಆಟಗಾರರು ಪಂದ್ಯಶ್ರೇಷ್ಠರಾದರು. 18ನೇ ಪ್ರಯತ್ನದಲ್ಲಿ ಬಂದ ಕಪ್ ಅದು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ದುಃಖವನ್ನು ಬಿಟ್ಟು ಆ ಗೆಲುವನ್ನು ನೆನೆಯಲು ನನಗಂತೂ ಆಗುವುದಿಲ್ಲ.

ಆಟಗಾರ ಅವನೇ ಇದ್ದರೂ ಕೆಲಸ ಬದಲಾದರೆ ಫಲ ಬೇರೆ. 2018ರಲ್ಲಿ ಡೆಲ್ಲಿ 20 ಲಕ್ಷಕ್ಕೆ ಕೊಂಡಿದ್ದ ಹರ್ಷಲ್ ಪಟೇಲ್ 2021ರ ಜನವರಿಯಲ್ಲಿ ಟ್ರೇಡ್ ಮೂಲಕ ಆರ್‌ಸಿಬಿಗೆ ಬಂದಾಗ ಅದು ಯಾರಿಗೂ ದೊಡ್ಡ ಸುದ್ದಿ ಅನಿಸಲಿಲ್ಲ. ಕೊನೆಯ ಓವರ್‌ಗಳನ್ನು ಅವರ ಕೈಗೆ ಕೊಟ್ಟರು. ಮೊದಲ ಪಂದ್ಯದಲ್ಲೇ ಮುಂಬೈ ವಿರುದ್ಧ 5 ವಿಕೆಟ್, ಋತು ಮುಗಿಯುವಾಗ 32. ಒಂದೇ ಐಪಿಎಲ್‌ನಲ್ಲಿ ಬ್ರಾವೊ ತೆಗೆದಿದ್ದ ಅತಿ ಹೆಚ್ಚು ವಿಕೆಟ್‌ಗಳ ದಾಖಲೆಯನ್ನು ಅವರು ಸರಿಗಟ್ಟಿದರು.

“ಹೆಚ್ಚು ರೇಟಿಗೆ ಹೋದೋನೇ ದೊಡ್ಡ ಆಟಗಾರ”

ರೇಟು ಏರುವುದು ಒಂದೇ ಜಾಗ ಖಾಲಿ ಇರುವ ಎರಡು ತಂಡಗಳು ಎದುರುಬದುರು ಕೂತಾಗ, ಇಬ್ಬರ ಪರ್ಸ್‌ನಲ್ಲೂ ಹಣ ಉಳಿದಿದ್ದಾಗ. 2021ರಲ್ಲಿ ಆರ್‌ಸಿಬಿ 15 ಕೋಟಿಗೆ ತಂದ ಕೈಲ್ ಜೇಮೀಸನ್ ತೆಗೆದದ್ದು 9 ವಿಕೆಟ್. 2011ರ ಹರಾಜಿನಲ್ಲಿ ಕ್ರಿಸ್ ಗೇಲ್ ಅವರನ್ನು ಯಾರೂ ಕೂಗಿರಲಿಲ್ಲ, ಗಾಯಗೊಂಡ ಡರ್ಕ್ ನ್ಯಾನಸ್ ಬದಲಿಗೆ ನಡುವೆ ಬಂದವರು ಅವರು. ಕಪ್ ಎತ್ತಿದ ನಾಯಕ ಪಾಟೀದಾರ್ ಕೂಡ 2022ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದರು. ನಮ್ಮ ಕರ್ನಾಟಕದ ಲವ್ನಿತ್ ಸಿಸೋಡಿಯಾ ಗಾಯಗೊಂಡಾಗ ಬದಲಿಯಾಗಿ ಬಂದು ಎಲಿಮಿನೇಟರ್‌ನಲ್ಲಿ ಅಜೇಯ 112 ಹೊಡೆದರು.

“ಕನ್ನಡದ ಹುಡುಗ್ರನ್ನ ಬೇಕಂತಲೇ ಹೊರಗಿಡ್ತಾರೆ”

ಈ ನೋವು ಸುಳ್ಳಲ್ಲ, ಅದಕ್ಕೆ ಇತಿಹಾಸವಿದೆ. ಐಪಿಎಲ್‌ನ ಆರಂಭದಲ್ಲಿ ಪ್ರತಿ ತಂಡವೂ ತನ್ನ ಸೀಮೆಯ ಆಟಗಾರರಿಗೆ ಜಾಗ ಇಡಬೇಕೆಂಬ ನಿಯಮವಿತ್ತು. ದ್ರಾವಿಡ್, ಕುಂಬ್ಳೆ, ವಿನಯ್ ಇದ್ದ ಆ ತಂಡವನ್ನು ನೋಡಿಯೇ ನಾವು ‘ನಮ್ಮ ತಂಡ’ ಎಂದದ್ದು. ಆ ನಿಯಮ ಈಗಿಲ್ಲ. 2014ರ ಜೂನ್ 1ರಂದು ಚಿನ್ನಸ್ವಾಮಿಯಲ್ಲಿ ಕೋಲ್ಕತ್ತ ಕಪ್ ಗೆದ್ದಾಗ ಫೈನಲ್‌ನಲ್ಲಿ 94 ಹೊಡೆದವರು ಮನೀಶ್ ಪಾಂಡೆ, ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಗಳಿಸಿದವರು ಉತ್ತಪ್ಪ. ನಮ್ಮೂರಿನಲ್ಲಿ, ನಮ್ಮ ಹುಡುಗರು, ಬೇರೆಯವರ ಅಂಗಿ ತೊಟ್ಟು ಗೆದ್ದರು. ಅಂದು ಉರಿದ ಹೊಟ್ಟೆ ಇನ್ನೂ ತಣ್ಣಗಾಗದಿದ್ದರೆ ತಪ್ಪೇನಿಲ್ಲ.

ಆದರೆ ಅದರ ಹಿಂದೆ ಕನ್ನಡಿಗರ ಮೇಲಿನ ಹಗೆ ಇದೆ ಎನ್ನಲು ಆಧಾರವಿಲ್ಲ. ಕರ್ನಾಟಕದ ಆಟಗಾರರು ಹತ್ತು ತಂಡಗಳಿಗೂ ಬೇಕಾದವರು, ಹರಾಜಿನಲ್ಲಿ ಹತ್ತೂ ಕಡೆಯಿಂದ ಜಗ್ಗಾಟ ಇರುತ್ತದೆ. 2025ರ ಫೈನಲ್‌ನಲ್ಲಿ ಆರ್‌ಸಿಬಿ ಪರ ಆಡಿದ ಮಯಾಂಕ್ ಅಗರ್ವಾಲ್ ಗಾಯಗೊಂಡ ದೇವದತ್ತ ಪಡಿಕ್ಕಲ್ ಜಾಗಕ್ಕೆ ಬಂದವರು. ಪಂಜಾಬ್ ಕಡೆಯಿಂದ ವಿಜಯಕುಮಾರ್ ವೈಶಾಖ್ ಬೌಲ್ ಮಾಡಿದರು. ಆ ಋತುವಿನ ಅತಿ ಹೆಚ್ಚು ವಿಕೆಟ್ ಗುಜರಾತ್‌ನ ಪ್ರಸಿದ್ಧ್ ಕೃಷ್ಣ ಅವರದು, 25.

2008ರಲ್ಲಿ ವಿಜಯ್ ಮಲ್ಯ ಅವರ ಕಂಪನಿ 11.16 ಕೋಟಿ ಡಾಲರ್ ಕೊಟ್ಟು ಕೊಂಡ ಫ್ರಾಂಚೈಸಿಗೆ ಜಗಳೂರಿನ ಹುಡುಗನನ್ನು ಬೆಳೆಸುವ ಹೊಣೆಯನ್ನು ಯಾರೂ ಹೊರಿಸಿಲ್ಲ. ಆ ಹೊಣೆ ಇರುವುದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ. ದಾವಣಗೆರೆ ಜಿಲ್ಲೆ ಸೇರುವುದು ಆ ಸಂಸ್ಥೆಯ ತುಮಕೂರು ವಲಯಕ್ಕೆ. ಸೊಕ್ಕೆಯಲ್ಲಿ ಟೆನಿಸ್ ಬಾಲ್ ಹಿಡಿದು ಜೋರಾಗಿ ಓಡಿಬರುವ ಹುಡುಗ ಲೆದರ್ ಬಾಲ್ ಕಾಣಬೇಕಾದರೆ, ವಲಯದ 16 ವರ್ಷದೊಳಗಿನವರ ಆಯ್ಕೆ ಯಾವ ದಿನ, ಎಲ್ಲಿ ಎಂಬುದು ಅವನ ಶಾಲೆಯ ದೈಹಿಕ ಶಿಕ್ಷಕರಿಗೆ ಮೊದಲೇ ತಿಳಿಯಬೇಕು. ಆರ್‌ಸಿಬಿಯ ಪಟ್ಟಿಗೆ ತೋರಿಸುವ ಸಿಟ್ಟನ್ನು ನಾವು ಅಲ್ಲಿಯೂ ತೋರಿಸಬೇಕು, ಗಟ್ಟಿಯಾಗಿಯೇ ಕೇಳಬೇಕು.